ಭರವಸೆ ಇದ್ದವರು ಉಳಿಯುತ್ತಾರೆ ಎನ್ನುವುದು ನಿಜವೇ ಡಾಕ್ಟರೇ?

ಪ್ರಶ್ನೆ: ನನ್ನ ತಮ್ಮ ಸುರಂಗ ಕಾಮಗಾರಿಯಲ್ಲಿದ್ದಾನೆ. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಮಂದಿ 17 ದಿನ ಒಳಗೇ ಉಳಿದರಲ್ಲ, ಆಗಿನಿಂದ ಅವ್ವನಿಗೆ ಸರಿಯಾಗಿ ನಿದ್ದೆಯಿಲ್ಲ. ಭರವಸೆಯೇ ಅವರನ್ನು ಉಳಿಸಿತು ಎಂದು ಬಂದವರೆಲ್ಲ ಹೇಳುತ್ತಾರೆ. ಹಾಗಾದರೆ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಲುಕಿ ಕೊನೆಗೆ ತೀರಿಕೊಂಡ ನಮ್ಮ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರಿಗೆ ಭರವಸೆ ಕಡಿಮೆ ಬಿದ್ದಿತೇ?

ಉತ್ತರ (ಮನೋವೈದ್ಯರು): ಖಂಡಿತ ಇಲ್ಲ. 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಹೂತಿದ್ದೂ ಅವರು ಜೀವಂತ ಸಿಕ್ಕರು. ಮೂತ್ರಪಿಂಡ, ಯಕೃತ್ತು ಸೋತ ಮೇಲೆ ಮನಸ್ಸೊಂದೇ ಏನು ಮಾಡೀತು? ತೀರಿಕೊಂಡವರನ್ನು ಧೈರ್ಯಗೆಟ್ಟವರ ಲೆಕ್ಕಕ್ಕೆ ಬರೆಯುವ ಈ ಮಾತಿನ ಮೇಲೆ ನನಗೂ ಸಿಟ್ಟಿದೆ.

ಸಿಲ್ಕ್ಯಾರಾದಲ್ಲಿ ಮೊದಲು ಉಳಿಸಿದ್ದು ನಾಲ್ಕು ಇಂಚಿನ ಒಂದು ಪೈಪು. ಗಾಳಿ, ಮಂಡಕ್ಕಿ, ಹೊರಗಿನವರ ದನಿ ಎಲ್ಲವೂ ಅದರಲ್ಲೇ ಹೋದವು. ಒಳಗೆ ಸುಮಾರು ಎರಡು ಕಿಲೋಮೀಟರ್ ಜಾಗವಿತ್ತು. ನಡೆದರು, ಯೋಗ ಮಾಡಿದರು. ಇವತ್ತು ರಾತ್ರಿ ಹೊರಗೆ ಬರುತ್ತಾರೆ ಎಂಬ ಸುದ್ದಿ ಎಷ್ಟು ಸಲ ಸುಳ್ಳಾಯಿತು, ನೆನಪಿದೆಯೇ? ಕೊರೆಯುವ ಯಂತ್ರವೇ ಮುರಿದುಬಿತ್ತು. ಬಿಡುಗಡೆಯ ತಾರೀಕನ್ನೇ ನೆಚ್ಚಿಕೊಂಡವನು ಆ ತಾರೀಕು ದಾಟಿದೊಡನೆ ಕುಸಿಯುತ್ತಾನೆ. ಸಂಜೆ ಮತ್ತೆ ನಡೆಯಬೇಕು ಎಂದುಕೊಂಡವನಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ.

2010ರಲ್ಲಿ ಚಿಲಿಯ ಸಾನ್ ಹೋಸೆ ಗಣಿಯಲ್ಲಿ ಸಿಕ್ಕಿಬಿದ್ದ 33 ಮಂದಿಗೆ ಮೊದಲ 17 ದಿನ ಪೈಪೂ ಇರಲಿಲ್ಲ. ತಾವು ಬದುಕಿರುವುದು ಮೇಲಿನವರಿಗೆ ಗೊತ್ತೇ ಇಲ್ಲ. ಆದರೂ ಎರಡು ಚಮಚ ಟ್ಯೂನಾ ಮೀನು, ಒಂದಿಷ್ಟು ಹಾಲು ಎಂದು ಅಳೆದು, ಎಲ್ಲರ ಕೈಗೂ ತುತ್ತು ಬಂದ ಮೇಲೆ ಉಣ್ಣುತ್ತಿದ್ದರು. ಭರವಸೆ ಎಂದು ನಾನು ಕರೆಯುವುದು ಆ ಅಳತೆಯ ಚಮಚವನ್ನು. 69 ದಿನಕ್ಕೆ ಅಷ್ಟೂ ಜನ ಮೇಲೆ ಬಂದರು.

ಪ್ರಶ್ನೆ: ಅವ್ವನಿಗೆ ಏನು ಹೇಳಲಿ? ಏನೂ ಆಗುವುದಿಲ್ಲ ಎಂದರೆ ನಂಬುವುದಿಲ್ಲ.

ಉತ್ತರ: ನಂಬದಿರುವುದೇ ಸರಿ, ಆ ಮಾತು ಬೇಡ. ಅಲ್ಲಿ ತುರ್ತು ಪೈಪು ಎಲ್ಲಿದೆ, ಹೊರಬರುವ ಬೇರೆ ದಾರಿ ಇದೆಯೇ ಎಂದು ತಮ್ಮನನ್ನು ಕೇಳಿ, ಇದ್ದದ್ದನ್ನು ಇದ್ದಂತೆ ಹೇಳಿ. ಪಾಳಿ ಮುಗಿದೊಡನೆ ಅವನು ಒಂದು ಫೋನ್ ಮಾಡಲಿ. ಇಷ್ಟು ಕಾಲ ನಿದ್ದೆಗೆಟ್ಟಿದ್ದಾರೆ, ಹತ್ತಿರದ ವೈದ್ಯರಿಗೂ ಒಮ್ಮೆ ತೋರಿಸಿ.

ಪ್ರಶ್ನಿಸಿದವರು, ಎರಡು ದಿನದ ನಂತರ: ಕೇಳಿದೆ ಡಾಕ್ಟರೇ. ಪೈಪು ಇದೆಯಂತೆ, ಆರು ಇಂಚಿನದು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದರೊಳಗೆ ರೊಟ್ಟಿ ಹೋಗುತ್ತದೆಯೇ?’ ಎಂದಳು.

ಉತ್ತರ: ಸುರುಳಿ ಸುತ್ತಿದರೆ ಹೋಗುತ್ತದೆ ಎನ್ನಿ.