ಅಪ್‌ಡೇಟ್: ನೆಟ್ ಇಲ್ಲದಿದ್ದರೂ ‘ಕನೆಕ್ಟೆಡ್’ ಅಂತ ತೋರಿಸುತ್ತಿದ್ದದ್ದು ಸರಿಯಾಯಿತು

ಮಲ್ಪೆಯ ಮೀನು ವ್ಯಾಪಾರಿಯೊಬ್ಬರಿಗೆ ಬರೆದ ಬಿಲ್ಲಿಂಗ್ ಪ್ರೋಗ್ರಾಮ್, ನೆಟ್ ಇಲ್ಲದಿದ್ದರೂ ಇದೆ ಅಂತ ತೋರಿಸಿ, ಬಿಲ್ ಕಳಿಸುವಾಗ ಹಾಗೇ ನಿಂತುಬಿಡುತ್ತದೆ, ಯಾಕೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರಣ ಸಿಕ್ಕಿತು.

ನಾನು ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನ ಗೆಟ್‌ಈಸ್‌ನೆಟ್‌ವರ್ಕ್‌ಅವೈಲೇಬಲ್ (ನೆಟ್‌ವರ್ಕ್ ಇದೆಯಾ ಅಂತ ಹೇಳುವ ಸಿದ್ಧ ಫಂಕ್ಷನ್) ಒಂದನ್ನೇ ನಂಬಿದ್ದೆ. ಅದು ಇಂಟರ್ನೆಟ್ ಇದೆಯಾ ಅಂತ ನೋಡುವುದೇ ಇಲ್ಲ. ಯಾವುದೋ ಒಂದು ನೆಟ್‌ವರ್ಕ್ ಅಡಾಪ್ಟರ್ (ಕಂಪ್ಯೂಟರನ್ನು ವೈಫೈಗೋ ಕೇಬಲ್‌ಗೋ ಜೋಡಿಸುವ ಭಾಗ) ಚಾಲೂ ಇದ್ದರೆ ಸಾಕು, ‘ಟ್ರೂ’ ಅನ್ನುತ್ತದೆ. ಅಂಗಡಿಯ ರೌಟರ್ ಆನ್ ಇತ್ತು, ಆದರೆ ಗಾಳಿಮಳೆಗೆ ಹೊರಗಿನ ಕೇಬಲ್ ಕಡಿದಿತ್ತು, ಅಷ್ಟೇ.

ಪಿಂಗ್ (ಬೇರೆ ಕಂಪ್ಯೂಟರ್‌ಗೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು) ಕೂಡ ನೋಡಿದೆ. ಫೈರ್‌ವಾಲ್ (ನೆಟ್‌ವರ್ಕಿನ ಸುರಕ್ಷತಾ ತಡೆ) ಅದನ್ನು ತಡೆದರೆ ನೆಟ್ ಇದ್ದರೂ ಉತ್ತರ ಬರುವುದಿಲ್ಲ. ಯಾವುದಾದರೂ ವೆಬ್ ಪೇಜ್ ತೆರೆದು ನೋಡೋಣ ಅಂದರೆ, ಲಾಡ್ಜ್ ವೈಫೈಗಳಲ್ಲಿ ಲಾಗಿನ್ ಪೇಜೇ 200 ಕೋಡ್ (‘ಎಲ್ಲ ಸರಿ’ ಅನ್ನುವ ವೆಬ್ ಸಂಕೇತ) ಜೊತೆ ಬಂದುಬಿಡಬಹುದು. ವಿಂಡೋಸ್ ಕೂಡ ಅದಕ್ಕೇ ಒಂದು ಚಿಕ್ಕ ಫೈಲ್ ತರಿಸಿ, ಒಳಗಿನ ಪಠ್ಯ ಸರಿಯಿದೆಯಾ ಅಂತ ನೋಡುತ್ತದೆ.

ಕೊನೆಗೆ ಮೊದಲೇ ಚೆಕ್ ಮಾಡುವುದನ್ನೇ ಬಿಟ್ಟೆ. ಚೆಕ್ ಆದ ಮರುಕ್ಷಣವೇ ನೆಟ್ ಹೋಗಬಹುದು ಅಲ್ವಾ? ಈಗ ಬಿಲ್ ಮೊದಲು ಅಂಗಡಿಯ ಕಂಪ್ಯೂಟರಿನಲ್ಲೇ ಇರುವ ಚಿಕ್ಕ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ ಸೇವ್ ಆಗುತ್ತದೆ, ಆಮೇಲೆ ಹಿನ್ನೆಲೆಯಲ್ಲಿ 5 ಸೆಕೆಂಡಿನ ಟೈಮ್‌ಔಟ್ (ಅಷ್ಟರಲ್ಲಿ ಉತ್ತರ ಬರದಿದ್ದರೆ ಕಾಯುವುದನ್ನು ಬಿಡುವ ಮಿತಿ) ಇಟ್ಟು ಸರ್ವರ್‌ಗೆ ಕಳಿಸುತ್ತದೆ, ಆಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಪ್ರತಿ ಬಿಲ್‌ಗೂ ಬೇರೆ ಬೇರೆ ಐಡಿ ಇರಲೇಬೇಕು. ಯಾಕೆಂದರೆ ಟೈಮ್‌ಔಟ್ ಆದರೂ ಸರ್ವರ್‌ನಲ್ಲಿ ಅದು ಸೇವ್ ಆಗಿರಬಹುದು, ಎರಡನೇ ಸಲ ಕಳಿಸಿದಾಗ ಒಂದೇ ಬಿಲ್ ಎರಡಾಗಬಾರದು.

ನಿನ್ನೆ ಬೆಳಿಗ್ಗೆ ಬೋಟು ಬರುವ ಹೊತ್ತಿಗೇ ನೆಟ್ ಲೈನ್ ಹೋಗಿತ್ತು. ಬಿಲ್ಲಿಂಗ್ ಮಾತ್ರ ನಿಲ್ಲಲಿಲ್ಲ.