1947ರ ಬೆಂಗಳೂರಿನಲ್ಲಿ ಕೊಲೆಯಾದರೆ ಯಾವ ಪೊಲೀಸರು ಬರುತ್ತಿದ್ದರು?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ಕಾಲದ ಬೆಂಗಳೂರಿನ ಕಥೆ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಎಂ.ಜಿ. ರೋಡಿನ ಹಿಂದಿನ ಗಲ್ಲಿಯಲ್ಲಿ ರೆಸಿಡೆನ್ಸಿಯ (ಬ್ರಿಟಿಷ್ ಸರ್ಕಾರದ ಪ್ರತಿನಿಧಿ ರೆಸಿಡೆಂಟರ ಕಚೇರಿ) ಗುಮಾಸ್ತನೊಬ್ಬನ ಹೆಣ ಸಿಗುತ್ತದೆ. ತನಿಖೆ ಮಾಡುವವನು ಹಳೇ ಊರಾದ ಪೇಟೆ ಕಡೆಯ ಸಬ್ ಇನ್ಸ್‌ಪೆಕ್ಟರ್. ಆಗಸ್ಟ್ 14ರ ಮಧ್ಯರಾತ್ರಿ, ಪಟಾಕಿ ಸದ್ದಿನಲ್ಲಿ ಗುಂಡಿನ ಸದ್ದು ಯಾರಿಗೂ ಕೇಳಿಸದ ಹಾಗೆ ಬರೆದಿದ್ದೆ. ಓದಿದ ಗೆಳತಿ, "ದಂಡಿನಲ್ಲಿ ಕೊಲೆ ಆದರೆ ಪೇಟೆ ಪೊಲೀಸರಿಗೇನು ಕೆಲಸ?" ಅಂದಳು. ಅವತ್ತಿನಿಂದ ಒಂದು ಸಾಲೂ ಮುಂದಕ್ಕೆ ಹೋಗಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹಲಸೂರು ಕೆರೆ:
ಮೇಡಂ, ನಿಮ್ಮ ಗೆಳತಿ ಕೇಳಿದ್ದು ಸರಿಯಾಗಿದೆ. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಕಬ್ಬನ್ ಪಾರ್ಕಿನ ಈಚೆ ಮಹಾರಾಜರ ಸರ್ಕಾರ, ಆಚೆ ರೆಸಿಡೆಂಟರದ್ದು. ಪೊಲೀಸ್ ಬೇರೆ, ಮುನಿಸಿಪಾಲಿಟಿ ಬೇರೆ, ಆಸ್ಪತ್ರೆಯೂ ಬೇರೆ. ಪೇಟೆಯವರಿಗೆ ವಿಕ್ಟೋರಿಯಾ, ದಂಡಿನವರಿಗೆ ಬೌರಿಂಗ್.

ಆದರೆ ಆಗಸ್ಟ್ 14ರ ಹೊತ್ತಿಗೆ ಈ ಗೆರೆ ಅಳಿಸಿ ಹೋಗಿತ್ತು. ದಂಡು ಮೈಸೂರಿಗೆ ವಾಪಸ್ ಬಂದಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮೊದಲೇ. ಹಾಗಾಗಿ ನಿಮ್ಮ ಇನ್ಸ್‌ಪೆಕ್ಟರ್ ಹೋಗಬಹುದು, ತೊಂದರೆ ಇಲ್ಲ. ನಾನು ಬರೆಯುತ್ತಿದ್ದರೆ ಮಾತ್ರ ಕೊಲೆಯನ್ನು ಜುಲೈ 25ರ ರಾತ್ರಿಗೆ ತರುತ್ತಿದ್ದೆ. ಹೆಣ ಸಿಗುವುದು 26ರ ಬೆಳಿಗ್ಗೆ. ಕೊಂದಾಗ ಒಂದು ಸರ್ಕಾರ, ಸಿಕ್ಕಾಗ ಇನ್ನೊಂದು! ದಂಡಿನ ಠಾಣೆಯಲ್ಲಿ ರಾತ್ರಿ ಪಾಳಿ ಮುಗಿಸಿದ ದಫೇದಾರನೊಬ್ಬ ಲಾಟೀನು ಆರಿಸಿ, ಪೆನ್ನು ಹಿಡಿದು, ಈ ದೂರನ್ನು ಯಾರ ಹೆಸರಿನಲ್ಲಿ ಬರೆದುಕೊಳ್ಳಬೇಕು ಅಂತ ಗೊತ್ತಾಗದೆ ಕೂತಿರುತ್ತಾನೆ ಅಂದುಕೊಳ್ಳಿ. ನಮ್ಮ ಊರಿನಲ್ಲಿ ಬ್ರಿಟಿಷರ ಆಳ್ವಿಕೆ ಮುಗಿದಿದ್ದು ಅಂಥ ಮೇಜುಗಳ ಮೇಲೆ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಬಸವನಗುಡಿ ಓದುಗ:
ಮೇಲಿನವರ ಮಾತು ತುಂಬಾ ಚೆನ್ನಾಗಿದೆ. ಗುಮಾಸ್ತನನ್ನು ಯಾಕೆ ಕೊಂದರು ಅಂತ ನೀವು ಹೇಳಿಲ್ಲ, ಅಲ್ವಾ? ಒಂದು ಸುಳಿವು ಕೊಡ್ತೀನಿ. ಆ ವರ್ಷ ದೆಹಲಿಯಲ್ಲಿ ರಾಜ ಸಂಸ್ಥಾನಗಳ ವ್ಯವಹಾರ ನೋಡುತ್ತಿದ್ದ ಪೊಲಿಟಿಕಲ್ ಡಿಪಾರ್ಟ್‌ಮೆಂಟಿನ ಬ್ರಿಟಿಷ್ ಅಧಿಕಾರಿ ಕಾನ್ರಾಡ್ ಕಾರ್ಫೀಲ್ಡ್, ದೇಶದ ರಾಜರುಗಳ ಗುಟ್ಟಿನ ಕಡತಗಳನ್ನು ಸುಡಿಸಿದರು. ನಾಲ್ಕು ಟನ್ ಕಾಗದ ಅಂತ ಲೆಕ್ಕ. ನೆಹರೂಗೆ ಇದರಿಂದ ಕೆಂಡದಂಥ ಕೋಪ ಬಂತು. ಈಗಿನ ರಾಜಭವನವೇ ಆಗಿನ ರೆಸಿಡೆನ್ಸಿ. ಅದರ ಹಿತ್ತಿಲಲ್ಲೂ ಬೆಂಕಿ ಉರಿಯುತ್ತಿತ್ತು, ನಿಮ್ಮ ಗುಮಾಸ್ತ ಒಂದು ಕಡತವನ್ನು ಬೆಂಕಿಗೆ ಹಾಕದೆ ಕೋಟಿನೊಳಗೆ ಇಟ್ಟುಕೊಂಡ ಅಂತ ಕಲ್ಪಿಸಿಕೊಳ್ಳಿ. ಆಮೇಲೆ ಕಥೆ ತಾನಾಗಿಯೇ ಓಡುತ್ತೆ.

ಸಣ್ಣ ವಿಷಯಗಳಲ್ಲಿ ಹುಷಾರು. ಎಂ.ಜಿ. ರೋಡ್ ಅನ್ನೋ ಹೆಸರು ಬಂದಿದ್ದು 1948ರಲ್ಲಿ, ನಿಮ್ಮ ಕಥೆಗೆ ಅದು ಸೌತ್ ಪರೇಡ್. ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಎದುರು ವಿಧಾನಸೌಧ ಇರಲಿಲ್ಲ. ರೂಪಾಯಿಗೆ ನೂರು ಪೈಸೆ ಅಂತ ಬರೆಯಬೇಡಿ, ಆಗ ಹದಿನಾರು ಆಣೆ. ಒಂದು ತಪ್ಪು ಸಿಕ್ಕರೆ ಪತ್ತೇದಾರಿ ಓದುವವರು ಅದನ್ನೇ ಸುಳಿವು ಅಂದುಕೊಳ್ಳುತ್ತಾರೆ.

ಚಾಮರಾಜಪೇಟೆ:
ನಮ್ಮಜ್ಜಿ ಕೊನೆವರೆಗೂ "ದಂಡಿಗೆ ಹೋಗಿದ್ದೆ" ಅಂತಲೇ ಹೇಳೋರು, ಪರವೂರಿಗೆ ಹೋಗಿ ಬಂದ ಹಾಗೆ. ಅಲ್ಲಿ ಅಂಗಡಿಯವರು ತಮಿಳಿನಲ್ಲೋ ಉರ್ದುವಿನಲ್ಲೋ ಬೆಲೆ ಹೇಳಿದರೆ ಇವರು ಬೆರಳು ಮಡಿಸಿ ಚೌಕಾಸಿ ಮಾಡುತ್ತಿದ್ದರಂತೆ. ನಿಮ್ಮ ಪೇಟೆ ಇನ್ಸ್‌ಪೆಕ್ಟರಿಗೂ ಅಲ್ಲಿ ಸಾಕ್ಷಿ ಕೇಳೋದು ಅಷ್ಟೇ ಕಷ್ಟ ಆಗಬೇಕು. ಒಂದೇ ದಿನದಲ್ಲಿ ಗೆರೆ ಅಳಿಸಿದರೂ ಜನರ ಮನಸ್ಸಿನಿಂದ ಹೋಗಲ್ಲ. ಮುನಿಸಿಪಾಲಿಟಿಗಳು ಒಂದಾಗಿ ಕಾರ್ಪೊರೇಷನ್ ಆಗೋಕೇ 1949ರವರೆಗೆ ಕಾಯಬೇಕಾಯಿತು.

ಇನ್ನೊಂದು ಮಾತು. ದಯವಿಟ್ಟು ಕಥೆಯನ್ನು ಆಗಸ್ಟ್ 15ಕ್ಕೆ ಮುಗಿಸಬೇಡಿ. ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡುವ ಮಂತ್ರಿಮಂಡಲಕ್ಕಾಗಿ, ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿದ್ದು ಅಕ್ಟೋಬರಿನಲ್ಲಿ. ಕೊಲೆಗಾರನನ್ನು ಹುಡುಕಬೇಕಾದ ನಿಮ್ಮ ಇನ್ಸ್‌ಪೆಕ್ಟರನ್ನು ಆ ಚಳವಳಿಯ ಹುಡುಗರ ಮೇಲೆ ಲಾಠಿ ಹಿಡಿದು ನಿಲ್ಲಿಸುತ್ತಾರೆ. ಆಗ ಅವನು ಏನು ಮಾಡುತ್ತಾನೆ?

ಮಲ್ಲೇಶ್ವರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಪಟಾಕಿ ಅಧ್ಯಾಯ ಪೂರ್ತಿ ತೆಗೆದುಬಿಟ್ಟೆ, ಬೇಜಾರಾಗಲಿಲ್ಲ. ಈಗ ಜುಲೈ 25, ಜಿಟಿಜಿಟಿ ಮಳೆ. ಗುಮಾಸ್ತನ ಕೋಟಿನ ಒಳಜೇಬಿನಲ್ಲಿ ಅಂಚು ಸುಟ್ಟ ಒಂದು ಹಾಳೆ ಇದೆ. ದಫೇದಾರ ಹೆಣವನ್ನು ಬೌರಿಂಗಿಗೆ ಕಳಿಸಿ, ಪೇಟೆ ಠಾಣೆಗೆ ಸೈಕಲ್ ತುಳಿಯುತ್ತಿದ್ದಾನೆ. ಕಬ್ಬನ್ ಪಾರ್ಕ್ ದಾಟುವಾಗ ಅವನನ್ನು ಒಂದು ನಿಮಿಷ ನಿಲ್ಲಿಸಿದ್ದೇನೆ.