ಗ್ರೀಕ್ ಪಾಸ್ತಾ ಸಲಾಡ್ ರಾತ್ರಿ ಚೆನ್ನಾಗಿರತ್ತೆ, ಬೆಳಗ್ಗೆ ನೋಡಿದ್ರೆ ನೀರು ನೀರು. ಎಲ್ಲಿ ಎಡವ್ತಾ ಇದೀನಿ?

ಬೇಸಿಗೆಸೊಸೆ_ಕೋಲಾರ:
ಎಲ್ರಿಗೂ ನಮಸ್ಕಾರ. ಎರಡು ಸಲ ಮಾಡಿ ಎರಡು ಸಲವೂ ಕೆಡಿಸ್ಕೊಂಡಿದೀನಿ, ಅದಕ್ಕೇ ಇಲ್ಲಿ ಬಂದು ಕೇಳ್ತಾ ಇರೋದು. ಏಪ್ರಿಲ್ ಬಂತು ಅಂದ್ರೆ ನಮ್ಮ ಕೋಲಾರದಲ್ಲಿ ಮಧ್ಯಾಹ್ನ ಒಲೆ ಮುಂದೆ ನಿಲ್ಲಕ್ಕಾಗಲ್ಲ, ಜೊತೆಗೆ ರಜಕ್ಕೆ ಅಂತ ನಾದಿನಿ ಮಕ್ಕಳು ಮೂರು ಜನ ಬಂದಿದಾರೆ, ಅವಕ್ಕೆ ಅನ್ನ ಸಾರು ಬೇಡ್ವಂತೆ. ಸರಿ ರಾತ್ರಿನೇ ಪಾಸ್ತಾ ಸಲಾಡ್ ಮಾಡಿ ಫ್ರಿಜ್ಜಲ್ಲಿ ಇಟ್ಬಿಟ್ರೆ ಮಧ್ಯಾಹ್ನ ತಣ್ಣಗೆ ತಿನ್ಲಿ ಅಂತ ಶುರು ಮಾಡ್ದೆ.

ಹಾಕಿದ್ದು: ಪೆನ್ನೆ ಪಾಸ್ತಾ ಅರ್ಧ ಕೆಜಿ, ಟೊಮೇಟೊ 5, ಸೌತೆಕಾಯಿ 2, ಕ್ಯಾಪ್ಸಿಕಂ ಒಂದು, ಈರುಳ್ಳಿ 2, ಪನೀರ್ 200 ಗ್ರಾಂ (ಫೆಟಾ ಚೀಸ್ ಹುಡುಕ್ಕೊಂಡು ಬೆಂಗಳೂರಿಗೆ ಯಾರು ಹೋಗ್ತಾರೆ), ಬಾಟ್ಲಿ ಕರಿ ಆಲಿವ್ ಒಂದು ಹಿಡಿ, ಆಲಿವ್ ಎಣ್ಣೆ ಅರ್ಧ ಕಪ್, ನಿಂಬೆಹಣ್ಣು ಎರಡು, ಪಿಜ್ಜಾ ಜೊತೆ ಬಂದಿದ್ದ ಒರೆಗಾನೊ ಪ್ಯಾಕೆಟ್ ನಾಲ್ಕು. ಪಾಸ್ತಾನ 9 ನಿಮಿಷ ಬೇಯಿಸಿ ನಲ್ಲಿ ಕೆಳಗೆ ತೊಳ್ದು ಎಲ್ಲಾ ಒಟ್ಟಿಗೆ ಹಾಕಿ ಉಪ್ಪು ಬೆರೆಸಿ ಡಬ್ಬಿ ಮುಚ್ಚಿಟ್ಟೆ.

ಮಧ್ಯಾಹ್ನ ತೆಗ್ದು ನೋಡಿದ್ರೆ ತಳದಲ್ಲಿ ಎರಡು ಸೌಟು ನೀರು, ಪಾಸ್ತಾ ಹಲ್ಲಿಗೆ ಗಟ್ಟಿ ಗಟ್ಟಿ, ಮೇಲೆಲ್ಲಾ ಬಿಳಿ ಬಿಳಿ ಹರಳು ಥರ ಏನೋ, ಪನೀರ್ ರಬ್ಬರು, ಉಪ್ಪು ಹುಳಿ ಎಲ್ಲೋಯ್ತೋ ಗೊತ್ತಿಲ್ಲ. ಅತ್ತೆ ಒಂದು ತುತ್ತು ತಿಂದು "ಏನಮ್ಮಾ ಇದು, ತಂಗಳು ಶಾವಿಗೆಗೆ ತೋಟದ ನೀರು ಬಿಟ್ಟಂಗಿದೆ" ಅಂದ್ರು. ಬಿಳಿ ಹರಳು ನೋಡಿ ಫಂಗಸ್ ಅಂತ ಒಂದು ಸಲದ್ದು ಪೂರ್ತಿ ಹಸುಗೆ ಹಾಕ್ದೆ.

ತಿಂಡಿಪೋತ:
ಮೇಯನೇಸ್ ಹಾಕಿ ಮೇಡಂ, ಎಲ್ಲಾ ಸರಿಹೋಗತ್ತೆ.

ಕಲ್ಲುಪ್ಪು_ಚಿಂತಾಮಣಿ:
ಗುರು, ಅವ್ರು ಕೇಳ್ತಿರೋದು ಗ್ರೀಕ್ ಥರದ್ದು, ನಿಂಬೆ ಎಣ್ಣೆದು. ನೀರು ಬಿಟ್ಟಿರೋದಕ್ಕೆ ಮೇಯನೇಸ್ ಸುರಿದ್ರೆ ಬಿಳಿ ನೀರು ಆಗತ್ತೆ ಅಷ್ಟೆ.

ಅಕ್ಕ, ಸ್ವಲ್ಪ ವಿಷಯ ಹೇಳಿ. ಟೊಮೇಟೊ ನಾಟಿನಾ ಹೈಬ್ರಿಡ್ಡಾ? ಸೌತೆಕಾಯಿ ಬೀಜ ತೆಗೆದ್ರಾ? ಪಾಸ್ತಾ ಬೇಯೋ ನೀರಿಗೆ ಉಪ್ಪು ಎಷ್ಟು? ಪ್ಯಾಕೆಟ್ ಹಿಂದೆ ಏನಂತ ಬರ್ದಿದೆ, ಡ್ಯೂರಮ್ ಅಂತಾನಾ, ಮೈದಾ ಅಂತಾನಾ?

ಬೇಸಿಗೆಸೊಸೆ_ಕೋಲಾರ:
ಟೊಮೇಟೊ ನಾಟಿ, ಹುಳಿ ಚೆನ್ನಾಗಿರತ್ತೆ ಅಂತ ಬೇಕಂತಲೇ ತಂದಿದ್ದು. ಬೀಜ ತೆಗೀಲಿಲ್ಲ. ನೀರಿಗೆ ಉಪ್ಪು ಒಂದು ಚಿಟಿಕೆ. ಪ್ಯಾಕೆಟ್ ಮೇಲೆ ಡ್ಯೂರಮ್ ಗೋಧಿ ರವೆ ಅಂತಿದೆ, 9ರಿಂದ 10 ನಿಮಿಷ ಅಂತ ಬರ್ದಿದೆ ಅಣ್ಣ.

ಕಲ್ಲುಪ್ಪು_ಚಿಂತಾಮಣಿ:
ಡ್ಯೂರಮ್ ಅಂದ್ರೆ ಬೇರೇನಲ್ಲ, ನಾವು ಉಪ್ಪಿಟ್ಟಿಗೆ ತರೋ ಬನ್ಸಿ ರವೆ ಇದ್ಯಲ್ಲ, ಅದೇ ಜಾತಿ ಗೋಧಿ. ಹಾಗಾಗಿ ಪಾಸ್ತಾದು ತಪ್ಪಿಲ್ಲ, ಮೈದಾದ್ದಾಗಿದ್ರೆ ಬೆಳಗ್ಗೆ ಹೊತ್ತಿಗೆ ಅಂಟಾಗಿರ್ತಿತ್ತು.

ನಾನು ಏಳು ವರ್ಷ ಅಡುಗೆ ಕಾಂಟ್ರಾಕ್ಟರ್ ಒಬ್ರ ಹತ್ರ ಕೆಲಸ ಮಾಡಿದೀನಿ, ಅಲ್ಲಿ ಮೊದಲ ದಿನ ಬೈಸ್ಕೊಂಡಿದ್ದೇ ಕೋಸಂಬರಿ ವಿಷಯಕ್ಕೆ. ರಾಮನವಮಿಗೆ ಕೋಸಂಬರಿ ಮಾಡುವಾಗ ನಿಮ್ಮ ಅತ್ತೆ ಉಪ್ಪು ಯಾವಾಗ ಹಾಕ್ತಾರೆ ಹೇಳಿ? ಎಲೆಗೆ ಬಡಿಸೋ ಮುಂಚೆ ತಾನೆ? ಮುಂಚೇನೇ ಹಾಕಿದ್ರೆ ಸೌತೆಕಾಯಿ ಒಳಗಿನ ನೀರನ್ನ ಉಪ್ಪು ಎಳ್ದು ಹೊರಗೆ ಬಿಡತ್ತೆ, ಹೆಸರುಬೇಳೆ ಆ ನೀರಲ್ಲಿ ತೇಲತ್ತೆ. ನೀವು ಪಾಸ್ತಾಗೂ ಅದನ್ನೇ ಮಾಡಿದೀರ, ಅದೂ ಹನ್ನೆರಡು ಗಂಟೆ ಹೊತ್ತು. ನಾಟಿ ಟೊಮೇಟೊ ಸಾರಿಗೆ ರಾಜ, ಸಲಾಡಿಗೆ ಶತ್ರು, ಒಳಗೆಲ್ಲಾ ರಸಾನೇ. ನಿಮ್ಮೂರ ಮಾರ್ಕೆಟ್ಟಿಂದ ಲೋಡ್ ಲೋಡ್ ಹೊರಗಡೆ ಹೋಗತ್ತಲ್ಲ, ದಪ್ಪ ಸಿಪ್ಪೆ ದಪ್ಪ ತಿರುಳಿಂದು, ಆ ಹೈಬ್ರಿಡ್ ತಗೊಳಿ. ರುಚಿ ಇಲ್ಲ ಅಂತ ನಾವೇ ಬೈತೀವಿ, ಆದ್ರೆ ಇಲ್ಲಿ ಅದೇ ಬೇಕು.

ಮಾಡೋದು ಹೀಗೆ. ಸೌತೆಕಾಯಿ ಉದ್ದಕ್ಕೆ ಸೀಳಿ ಚಮಚದಲ್ಲಿ ಬೀಜದ ಭಾಗ ಕೆರ್ದು ತೆಗೀರಿ, ಹೆಚ್ಚಿ, ಅರ್ಧ ಚಮಚ ಉಪ್ಪು ಸವರಿ ಜಾಲರಿ ಬುಟ್ಟೀಲಿ 20 ನಿಮಿಷ ಬಿಡಿ, ಕೆಳಗೊಂದು ಬಟ್ಲು ಇಡಿ. ಟೊಮೇಟೊಗೂ ಹಾಗೇ. ಸೌತೆಕಾಯಿ ನೀರು ಚೆಲ್ಲಿ, ಟೊಮೇಟೊ ರಸ ಮಾತ್ರ ಚೆಲ್ಬೇಡಿ, ಅದನ್ನ ನಿಂಬೆರಸ ಎಣ್ಣೆ ಜೊತೆ ಸೇರಿಸಿ ಕಲಕಿದ್ರೆ ಅದೇ ಡ್ರೆಸ್ಸಿಂಗು, ರುಚಿ ಎಲ್ಲಾ ಅದ್ರಲ್ಲೇ ಇರೋದು.

ಇನ್ನು ಗಟ್ಟಿ ಆಗೋದು. ರಾತ್ರಿ ಉಳಿದ ಅನ್ನ ಬೆಳಗ್ಗೆ ಫ್ರಿಜ್ಜಿಂದ ತೆಗ್ದಾಗ ಕಾಳು ಕಾಳಾಗಿ ಗಡುಸಾಗಿರತ್ತಲ್ಲ, ಪಾಸ್ತಾಗೂ ಅದೇ ಆಗೋದು, ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿಯಾಗತ್ತೆ. ಬಿಸೀಲಿ ತಿನ್ನೋ ಪಾಸ್ತಾ ಸ್ವಲ್ಪ ಕಚ್ಚೋ ಹಂಗಿರ್ಬೇಕು ಅಂತಾರೆ, ಸರಿ, ಆದ್ರೆ ತಣ್ಣಗೆ ತಿನ್ನೋದಾದ್ರೆ ಪ್ಯಾಕೆಟ್ ಮೇಲಿನದಕ್ಕಿಂತ ಒಂದೆರಡು ನಿಮಿಷ ಜಾಸ್ತಿ ಬೇಯಿಸಿ. ನೀವು 11 ನಿಮಿಷ ಇಡಿ, ಒಂದು ತೆಗ್ದು ಕಚ್ಚಿ ನೋಡಿ, ಮಧ್ಯ ಬಿಳಿ ಚುಕ್ಕೆ ಇರ್ಬಾರ್ದು. ನೀರು 100 ಗ್ರಾಂ ಪಾಸ್ತಾಗೆ ಒಂದು ಲೀಟರ್, ಲೀಟರಿಗೆ 10 ಗ್ರಾಂ ಉಪ್ಪು. ಅರ್ಧ ಕೆಜಿಗೆ 5 ಲೀಟರ್ ನೀರು, 50 ಗ್ರಾಂ ಉಪ್ಪು, ಅಂದ್ರೆ ಹೆಚ್ಚುಕಮ್ಮಿ ಮೂರು ದೊಡ್ಡ ಚಮಚ. ಗಾಬರಿ ಆಗ್ಬೇಡಿ, ಮುಕ್ಕಾಲು ಪಾಲು ನೀರಿನ ಜೊತೆ ಬಸ್ದೋಗತ್ತೆ. ಪಾಸ್ತಾ ಒಳಗೆ ಉಪ್ಪು ಹೋಗೋದು ಬೇಯುವಾಗ ಮಾತ್ರ, ಆಮೇಲೆ ಹಾಕಿದ್ದು ಮೇಲ್ಮೇಲೆ ಇರತ್ತೆ.

ಬಿಳಿ ಹರಳು ಫಂಗಸ್ ಅಲ್ಲ ಅಕ್ಕ, ಆಲಿವ್ ಎಣ್ಣೆ ಫ್ರಿಜ್ಜಲ್ಲಿ ಹೆಪ್ಪುಗಟ್ಟಿರೋದು, ಚಳೀಲಿ ಕೊಬ್ಬರಿ ಎಣ್ಣೆ ಕಟ್ಟಲ್ವಾ ಹಂಗೆ. ತಿನ್ನೋ ಅರ್ಧ ಗಂಟೆ ಮುಂಚೆ ಹೊರಗಿಟ್ರೆ ಕರಗತ್ತೆ. ಹಸು ಪುಣ್ಯ ಮಾಡಿತ್ತು ಬಿಡಿ.

ದೊಡ್ಡಪತ್ರೆ_ಮಾಲೂರು:
ಒಂದು ಕಡೆ ನಂದು ತಕರಾರಿದೆ, ಪಾಸ್ತಾ ತೊಳೀಲೇಬಾರ್ದು. ಉಪ್ಪು ಹಾಕಿ ಬೇಯಿಸಿ ಮತ್ತೆ ನಲ್ಲಿ ನೀರಲ್ಲಿ ತೊಳೆದ್ರೆ ಹಾಕಿದ್ದು ಏನಕ್ಕೆ? ಚಿತ್ರಾನ್ನಕ್ಕೆ ಅನ್ನನ ಹರವಾದ ತಟ್ಟೇಲಿ ಆರಕ್ಕೆ ಹಾಕಿ ಒಂದು ಚಮಚ ಎಣ್ಣೆ ಬಿಡ್ತೀವಲ್ಲ, ಹಾಗೇ ಮಾಡಿ ಅಕ್ಕ. ಬೆಚ್ಚಗಿರುವಾಗ್ಲೇ ಅರ್ಧ ಡ್ರೆಸ್ಸಿಂಗ್ ಹಾಕ್ಬಿಡಿ, ಹೀರ್ಕೊಳತ್ತೆ, ಉಳಿದರ್ಧ ತಿನ್ನುವಾಗ. ತಣ್ಣಗಿರೋದಕ್ಕೆ ನಾಲಿಗೆಗೆ ಉಪ್ಪು ಹುಳಿ ಕಮ್ಮಿ ಅನ್ಸತ್ತೆ, ಅದಕ್ಕೆ ಮಾಮೂಲಿಗಿಂತ ನಿಂಬೆ ಒಂಚೂರು ಮುಂದೆ ಇರ್ಲಿ, ಎಣ್ಣೆ ಎರಡು ಪಾಲಾದ್ರೆ ನಿಂಬೆ ಒಂದು ಪಾಲು.

ಮತ್ತೆ ಆ ಪಿಜ್ಜಾ ಪ್ಯಾಕೆಟ್ಟು, ಡ್ರಾಯರಲ್ಲಿ ಎಷ್ಟು ತಿಂಗಳಿಂದ ಬಿದ್ದಿತ್ತೋ! ಮೂಸಿ ನೋಡಿ, ವಾಸನೆ ಇಲ್ಲಾಂದ್ರೆ ಅದು ಬರೀ ಹುಲ್ಲು. ನನ್ನ ಹೆಸರು ನೋಡೇ ಗೊತ್ತಾಗತ್ತೆ ನಾನೇನ್ ಹೇಳ್ತೀನಿ ಅಂತ, ಹಿತ್ತಲಲ್ಲಿರೋ ದೊಡ್ಡಪತ್ರೆ ಎರಡೇ ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಒರೆಗಾನೊಗೆ ಆ ಘಾಟು ಕೊಡೋದು ಕಾರ್ವಕ್ರಾಲ್ ಅನ್ನೋ ಎಣ್ಣೆ ಅಂಶ, ದೊಡ್ಡಪತ್ರೇಲೂ ಅದಿದೆ. ಮೂರನೇ ಎಲೆ ಹಾಕಿದ್ರೆ ಮಾತ್ರ ಶೀತಕ್ಕೆ ಮಾಡಿದ ಕಷಾಯ ಆಗತ್ತೆ, ಅನುಭವದ ಮಾತು.

ಈರುಳ್ಳಿ ಯಾವ್ದು ಹಾಕಿದ್ರಿ? ನಮ್ಮ ಕಡೆ ಬೆಳೆಯೋ ಸಣ್ಣ ಗುಲಾಬಿ ಈರುಳ್ಳಿ ಆದ್ರೆ ಹಸೀದು ಘಾಟು ಜಾಸ್ತಿ, ರಾತ್ರಿ ಇಟ್ರೆ ಡಬ್ಬಿ ಪೂರ್ತಿ ಅದ್ರದ್ದೇ ವಾಸನೆ. ಹೆಚ್ಚಿ ಹತ್ತು ನಿಮಿಷ ತಣ್ಣೀರಲ್ಲಿ ನೆನೆಸಿ ಹಿಂಡಿ ಹಾಕಿ.

ಮುಳಬಾಗಿಲು_ದೋಸೆ:
ಒಂದು ಅಧಿಕಪ್ರಸಂಗ. ಗ್ರೀಸಲ್ಲಿ ಹಳ್ಳಿ ಸಲಾಡಿಗೆ ಹೋರಿಯಾಟಿಕಿ ಅಂತಾರೆ, ಅದ್ರಲ್ಲಿ ಪಾಸ್ತಾನೂ ಇರಲ್ಲ, ಎಲೆಕೋಸು ಥರದ ಲೆಟ್ಯೂಸೂ ಇರಲ್ಲ, ಟೊಮೇಟೊ ಸೌತೆ ಈರುಳ್ಳಿ ಆಲಿವ್, ಮೇಲೊಂದು ಫೆಟಾ ತುಂಡು ಇಟ್ಟು ಎಣ್ಣೆ ಬಿಟ್ಟು ಕೊಡೋದು, ಅಷ್ಟೆ. ಅಂದ್ರೆ ಅದೂ ಒಂಥರಾ ಅವರೂರ ಕೋಸಂಬರಿನೇ, ಕಲ್ಲುಪ್ಪಣ್ಣ ಹೇಳಿದ್ದು ಸರಿ ಇದೆ.

ಫೆಟಾ ವಿಷಯಕ್ಕೆ ಬರ್ತೀನಿ. ಅದು ಕುರಿ ಹಾಲಿಂದು, ಮೇಕೆ ಹಾಲು ಹೆಚ್ಚಂದ್ರೆ 30 ಪರ್ಸೆಂಟ್ ಸೇರಿಸ್ಬೋದು, ಉಪ್ಪುನೀರಲ್ಲಿ ಎರಡು ತಿಂಗಳಾದ್ರೂ ಮಾಗಬೇಕು. 2002ರಿಂದ ಯುರೋಪಲ್ಲಿ ಗ್ರೀಸಿಂದಕ್ಕೆ ಮಾತ್ರ ಆ ಹೆಸರು. ಪನೀರ್ ಅದಾಗಲ್ಲ, ಆದ್ರೆ ಹತ್ರ ತರ್ಬೋದು. ಅಂಗಡಿ ಪನೀರನ್ನ ಗಟ್ಟಿ ಒತ್ತಿರ್ತಾರೆ, ಉದುರಲ್ಲ, ಅದಕ್ಕೇ ನಿಮಗೆ ರಬ್ಬರ್ ಅನ್ಸಿದ್ದು. ಮನೇಲೇ ಒಂದು ಲೀಟರ್ ಗಟ್ಟಿ ಹಾಲು ಒಡೆಸಿ, ಬಟ್ಟೇಲಿ ಕಟ್ಟಿ, ಮೇಲೆ ಹಗೂರ ಭಾರ ಅರ್ಧ ಗಂಟೆ ಸಾಕು. ಒಡೆದ ನೀರು ಚೆಲ್ಲಬೇಡಿ! ಅದು ಅರ್ಧ ಲೀಟರಿಗೆ 40 ಗ್ರಾಂ ಉಪ್ಪು ಹಾಕಿ ಕರಗಿಸಿ ಆರಿಸಿ, ಒಂದು ನಿಂಬೆ ಹಿಂಡಿ, ಪನೀರ್ ತುಂಡನ್ನ ಅದ್ರಲ್ಲಿ ಮುಳುಗಿಸಿ ಫ್ರಿಜ್ಜಲ್ಲಿ ಎರಡು ದಿನ ಬಿಡಿ. ಬರೀ ನೀರಿಗೆ ಉಪ್ಪು ಹಾಕಿದ್ರೆ ಪನೀರಿನ ಕ್ಯಾಲ್ಸಿಯಂ ನೀರಿಗೆ ಬಿಟ್ಕೊಂಡು ಮೇಲ್ಮೈ ಲೋಳೆ ಆಗತ್ತೆ, ಒಡೆದ ನೀರಲ್ಲಿ ಹುಳಿನೂ ಕ್ಯಾಲ್ಸಿಯಮ್ಮೂ ಮೊದ್ಲೇ ಇರತ್ತೆ. ಸಲಾಡಿಗೆ ಕೈಯಲ್ಲಿ ಪುಡಿ ಮಾಡಿ ಕೊನೇಲಿ ಉದುರ್ಸಿ, ಕಲಸ್ಬೇಡಿ.

ಆ ಕರಿ ಆಲಿವ್ ಬಾಟ್ಲಿ ಹಿಂದೆ ಫೆರಸ್ ಗ್ಲುಕೊನೇಟ್ (ಕಪ್ಪು ಬಣ್ಣ ನಿಲ್ಲೋಕೆ ಹಾಕೋ ಕಬ್ಬಿಣದ ಲವಣ) ಅಂತ ಇದ್ಯಾ ನೋಡಿ. ಇದ್ರೆ ಅದು ಹಣ್ಣಾಗಿ ಕಪ್ಪಾಗಿದ್ದಲ್ಲ, ಕಾಯನ್ನ ಕ್ಷಾರದ ನೀರಲ್ಲಿ ಹಾಕಿ ಗಾಳಿ ಹಾಯಿಸಿ ಕಪ್ಪು ಮಾಡಿರೋದು. ತೊಂದ್ರೆ ಏನಿಲ್ಲ, ರುಚಿ ಸಪ್ಪೆ. ಗ್ರೀಸಿನ ಕಲಮಾಟಾ ಆಲಿವ್ ಸಿಕ್ರೆ ಒಳ್ಳೇದು, ರೇಟು ನೋಡಿ ಕಣ್ಣು ಕತ್ಲೆ ಬರತ್ತೆ. ಹಸಿರು ಆಲಿವ್ವೇ ಹಾಕಿ.

ತಿಂಡಿಪೋತ:
ಸರಿ ಮೇಯನೇಸ್ ವಾಪಸ್ ತಗೊಂಡೆ 😄 ಇದನ್ನ ಡಬ್ಬಿಗೆ ಹಾಕ್ಕೊಂಡು ಮಾವಿನ ತೋಟಕ್ಕೆ ತಗೊಂಡು ಹೋಗ್ಬೋದಾ? ಶ್ರೀನಿವಾಸಪುರ ಕಡೆ ಭಾನುವಾರ ಎಲ್ರೂ ಹೋಗ್ತಿದೀವಿ.

ಕಲ್ಲುಪ್ಪು_ಚಿಂತಾಮಣಿ:
ಹೋಗ್ಬೋದು, ಐಸ್ ಇದ್ರೆ ಮಾತ್ರ. ಬೆಂದ ಪಾಸ್ತಾ ಅನ್ನ ಇವೆಲ್ಲಾ ಬೆಚ್ಚಗೆ ಬಿದ್ದಿದ್ರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ, ಅದು ಬಿಡೋ ಒಂದು ವಿಷ ಆಮೇಲೆ ಬಿಸಿ ಮಾಡಿದ್ರೂ ಹೋಗಲ್ಲ, ವಾಂತಿ ಗ್ಯಾರಂಟಿ. ಫ್ರಿಜ್ಜಿಂದ ಆಚೆ ಎರಡು ಗಂಟೆ ಲೆಕ್ಕ, ಹೊರಗಡೆ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಏಪ್ರಿಲಲ್ಲಿ ಮಧ್ಯಾಹ್ನ ನಮ್ಮ ಕಡೆ ಅದು ದಾಟೇ ಇರತ್ತೆ. ಎರಡು ನೀರಿನ ಬಾಟ್ಲಿ ಮುಕ್ಕಾಲು ತುಂಬಿ ರಾತ್ರಿ ಫ್ರೀಜರಲ್ಲಿ ಇಡಿ, ಡಬ್ಬಿ ಪಕ್ಕ ಅವನ್ನಿಟ್ಟು ಒದ್ದೆ ಟವಲ್ ಸುತ್ತಿ, ಕರಗಿದ ಮೇಲೆ ಕುಡಿಯಕ್ಕೂ ಆಯ್ತು. ರಾತ್ರಿ ಕರೆಂಟು ತುಂಬಾ ಹೊತ್ತು ಹೋಗಿದ್ರೆ ಮಾತ್ರ ಬೇಡ.

ಬೇಸಿಗೆಸೊಸೆ_ಕೋಲಾರ:
ನಾಲ್ಕು ದಿನ ಆಯ್ತು, ರಿಪೋರ್ಟ್ ಕೊಡ್ತೀನಿ. ತೊಳೀಬೇಕೋ ಬೇಡ್ವೋ ಅಂತ ಜಗಳ ಇತ್ತಲ್ಲ, ಪಾಸ್ತಾ ಅರ್ಧರ್ಧ ಮಾಡಿ ಎರಡು ಡಬ್ಬಿ ಇಟ್ಟೆ. ತೊಳ್ದಿದ್ದು ಬಿಡಿ ಬಿಡಿಯಾಗಿತ್ತು ಆದ್ರೆ ಸಪ್ಪೆ. ಚಿತ್ರಾನ್ನದ ಥರ ಹರವಿದ್ದು ಅಲ್ಲಲ್ಲಿ ನಾಲ್ಕೈದು ಅಂಟ್ಕೊಂಡಿತ್ತು, ಕೈಯಲ್ಲಿ ಬಿಡಿಸ್ದೆ, ರುಚಿ ಮಾತ್ರ ಇದ್ರದ್ದೇ ಚೆನ್ನಾಗಿತ್ತು. ಮಾಲೂರಕ್ಕ ಗೆದ್ರು. 11 ನಿಮಿಷ ಸರಿಯಾಗಿತ್ತು, ತಣ್ಣಗಾದ ಮೇಲೂ ಮೆತ್ತಗಿತ್ತು. ತರಕಾರಿ ಬೇರೆ ಡಬ್ಬೀಲಿ ಇಟ್ಟು ತಿನ್ನೋ ಮುಂಚೆ ಸೇರಿಸ್ದೆ, ತಳದಲ್ಲಿ ಒಂದು ಚಮಚ ನೀರು ಇದ್ದಿದ್ರೆ ಹೆಚ್ಚು. ಟೊಮೇಟೊ ರಸದ ಡ್ರೆಸ್ಸಿಂಗ್ ಯಾಕೆ ಇಷ್ಟು ದಿನ ಯಾರೂ ಹೇಳ್ಲಿಲ್ಲ ಅನ್ಸ್ತು.

ಪನೀರ್ ಒಂದೇ ದಿನ ನೆನೆಸಿದ್ದು, ತಡ್ಕೊಳ್ಳಕ್ಕೆ ಆಗ್ಲಿಲ್ಲ, ಮೇಲೆ ಉಪ್ಪಾಗಿತ್ತು ಒಳಗೆ ಇನ್ನೂ ಸಪ್ಪೆ. ಉಳಿದ ತುಂಡು ಇನ್ನೂ ಉಪ್ಪುನೀರಲ್ಲೇ ಇದೆ, ನೋಡ್ತೀನಿ. ದೊಡ್ಡಪತ್ರೆ ಅಂತ ಮಕ್ಕಳಿಗೆ ಹೇಳ್ಲಿಲ್ಲ, ಒರೆಗಾನೊ ಅಂದೆ, ತಟ್ಟೆ ಖಾಲಿ. ಅತ್ತೆ ಮಾತ್ರ ಮೊದಲನೇ ತುತ್ತಿಗೇ "ಇದು ನಮ್ಮ ಹಿತ್ತಲಿಂದಲ್ವಾ" ಅಂತ ಹಿಡ್ಕೊಂಡ್ಬಿಟ್ರು, ಎರಡನೇ ಸಲ ಹಾಕಿಸ್ಕೊಂಡು, ಸಾಸಿವೆ ಇಂಗಿನ ಒಗ್ಗರಣೆ ಒಂದು ಕೊಟ್ಟಿದ್ರೆ ಅಂದ್ರು. ಗ್ರೀಕರು ಕ್ಷಮಿಸ್ಲಿ, ನಾಳೆ ಅತ್ತೆ ಪಾಲಿಗೆ ಒಗ್ಗರಣೆ ಕೊಡ್ತೀನಿ.

ಕೊನೇ ಪ್ರಶ್ನೆ, ಪನೀರ್ ಮುಗಿದ ಮೇಲೆ ಆ ಉಪ್ಪುನೀರು ಏನ್ ಮಾಡ್ಲಿ, ಚೆಲ್ಲಕ್ಕೆ ಮನಸ್ಸಿಲ್ಲ.

ಮುಳಬಾಗಿಲು_ದೋಸೆ:
ಚಪಾತಿ ಹಿಟ್ಟು ಕಲ್ಸಿ ಅಕ್ಕ. ಒಂದು ಲೋಟ ಆ ನೀರಿಗೆ ಎರಡು ಲೋಟ ಮಾಮೂಲಿ ನೀರು ಬೆರ್ಸಿ, ಬೇರೆ ಉಪ್ಪು ಹಾಕ್ಬೇಡಿ. ಗಿಡಕ್ಕೆ ಮಾತ್ರ ಹಾಕ್ಬೇಡಿ, ದೊಡ್ಡಪತ್ರೆ ಸತ್ತೋಗತ್ತೆ, ಆಮೇಲೆ ಮಾಲೂರವರು ನಿಮ್ಮನೆ ಹುಡುಕ್ಕೊಂಡು ಬರ್ತಾರೆ.